ಸ್ಪೇನ್–ಐರ್ಲೆಂಡ್ ಶಾಲಾ ವಿನಿಮಯ: ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಫ್ಟ್‌ವೇರ್ ಮತ್ತು ಆಸ್ಪತ್ರೆಯ ಕೆಲಸಗಳಿಗೆಂದು ಐರ್ಲೆಂಡಿಗೆ ಬಂದು ಇಲ್ಲಿಯೇ ನೆಲೆನಿಂತ ಕನ್ನಡಿಗರ ಮಕ್ಕಳು ಈಗ ಪ್ರೌಢಶಾಲೆ ತಲುಪಿದ್ದಾರೆ. ಶಾಲಾ ವರ್ಷ ಶುರುವಾದ ಕೆಲವೇ ವಾರಗಳಲ್ಲಿ, ಸ್ಪ್ಯಾನಿಷ್ ಕಲಿಯುತ್ತಿರುವ ಮಕ್ಕಳ ಕೈಯಲ್ಲಿ ಒಂದು ಪತ್ರ ಮನೆಗೆ ಬರುತ್ತದೆ. ಸ್ಪೇನಿನ ಶಾಲೆಯೊಂದರ ಮಗುವನ್ನು ಒಂದು ವಾರ ನಿಮ್ಮ ಮನೆಯಲ್ಲಿ ಇರಿಸಿಕೊಳ್ಳುವಿರಾ, ಆಮೇಲೆ ನಿಮ್ಮ ಮಗುವನ್ನು ಆ ಮನೆಗೆ ಕಳಿಸುವಿರಾ ಎಂಬುದು ಅದರ ಸಾರ. ಪತ್ರ ಬಂದ ಸಂಜೆಯೇ ಪರಿಚಿತರ ಫೋನುಗಳು ಶುರುವಾಗುತ್ತವೆ. ನಮ್ಮ ಮನೆಯಿಂದ ಮೊದಲು ಮಗಳು, ಎರಡು ವರ್ಷಗಳ ನಂತರ ಮಗ ಹೀಗೆ ಹೋಗಿ ಬಂದಿದ್ದಾರೆ. ಎರಡು ಸಲವೂ ಸ್ಪೇನಿನ ಮಕ್ಕಳು ನಮ್ಮಲ್ಲಿ ಉಳಿದಿದ್ದಾರೆ. ಹಾಗಾಗಿ ಕೇಳಿದ್ದನ್ನೇ ಕೇಳುವ ಪ್ರಶ್ನೆಗಳಿಗೆ ಉತ್ತರಗಳನ್ನು ಒಂದೆಡೆ ಬರೆದಿಡುವುದು ಮೇಲೆಂದು ತೋರಿತು.

ಶಾಲಾ ಪ್ರವಾಸಕ್ಕೂ ಈ ವಿನಿಮಯಕ್ಕೂ ಏನು ವ್ಯತ್ಯಾಸ?

ಪ್ರವಾಸದಲ್ಲಿ ಮಕ್ಕಳು ಹೋಟೆಲಿನಲ್ಲಿ ಉಳಿದು, ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಮಾತಾಡಿಕೊಂಡು, ಊರು ನೋಡಿ ಬರುತ್ತಾರೆ. ವಿನಿಮಯದಲ್ಲಿ ಪ್ರತಿ ಮಗುವೂ ಒಂದು ಅಪರಿಚಿತ ಕುಟುಂಬದ ಮನೆಯಲ್ಲಿ ಒಂಟಿಯಾಗಿ ಉಳಿದು, ಆ ಮನೆಯ ಮಗುವಿನೊಂದಿಗೆ ಶಾಲೆಗೆ ಹೋಗಿ, ಆ ಮನೆಯವರು ಉಣ್ಣುವ ಹೊತ್ತಿಗೆ ಉಂಡು, ಅವರ ನಿಯಮಕ್ಕೆ ತಕ್ಕಂತೆ ಮಲಗುತ್ತದೆ. ಸಾಮಾನ್ಯವಾಗಿ ಎರಡೂ ಕಡೆ ಒಂದೊಂದು ವಾರ. ಒಂದು ದೇಶದ ಗುಂಪು ಶರತ್ಕಾಲದಲ್ಲಿ ಬಂದರೆ ಇನ್ನೊಂದು ವಸಂತದಲ್ಲಿ ಹೋಗುತ್ತದೆ.

ಹೆಚ್ಚಿನ ಪಾಲಕರ ಪ್ರಶ್ನೆಗಳೆಲ್ಲ ಕಳಿಸುವುದರ ಬಗ್ಗೆಯೇ ಇರುತ್ತವೆ. ನನ್ನ ಅನುಭವದಲ್ಲಿ ಕಷ್ಟದ ಅರ್ಧವೂ ಫಲದ ಅರ್ಧವೂ ಇರಿಸಿಕೊಳ್ಳುವುದರಲ್ಲಿದೆ. ಬೇರೆಯವರ ಮಗುವನ್ನು ಏಳು ದಿನ ಮನೆಯ ಮಗುವಿನಂತೆ ನೋಡಿಕೊಳ್ಳಲು ಮನೆಮಂದಿಯೆಲ್ಲ ಒಪ್ಪದಿದ್ದರೆ, ಅರ್ಜಿ ಹಾಕದಿರುವುದೇ ಒಳ್ಳೆಯದು.

ಯಾವ ತರಗತಿಯ ಮಕ್ಕಳು ಹೋಗುತ್ತಾರೆ? ಓದಿಗೆ ತೊಂದರೆಯಾಗುವುದಿಲ್ಲವೇ?

ಐರ್ಲೆಂಡಿನ ಕಡೆಯಿಂದ ಬಹುಪಾಲು ಮಕ್ಕಳು ಟ್ರಾನ್ಸಿಷನ್ ಇಯರ್‌ನವರು, ಅಂದರೆ ಪ್ರೌಢಶಾಲೆಯ ಮೊದಲ ಮೂರು ವರ್ಷಗಳ ಜೂನಿಯರ್ ಸೈಕಲ್ ಮುಗಿಸಿ, ಲೀವಿಂಗ್ ಸರ್ಟಿಫಿಕೇಟ್ ಎಂಬ ಶಾಲಾಂತ್ಯ ಪರೀಕ್ಷೆಯ ಎರಡು ವರ್ಷಗಳಿಗೆ ಕಾಲಿಡುವ ಮೊದಲಿನ, 15–16ರ ವಯಸ್ಸಿನವರು. 1974ರಲ್ಲಿ ಮೂರು ಶಾಲೆಗಳಲ್ಲಿ ಪ್ರಯೋಗವಾಗಿ ಶುರುವಾದ ಈ ವರ್ಷದಲ್ಲಿ ಸರ್ಕಾರಿ ಪರೀಕ್ಷೆಯಿಲ್ಲ. ಅಂಕದ ಒತ್ತಡವಿಲ್ಲದೆ ಮಕ್ಕಳು ಕೆಲಸ, ಸೇವೆ, ಪ್ರವಾಸ, ನಾಟಕ ಎಂದು ಹೊರಗಿನ ಲೋಕ ನೋಡಲಿ ಎಂಬುದೇ ಅದರ ಉದ್ದೇಶ. ಪರೀಕ್ಷೆಯಿಲ್ಲದ ವರ್ಷ ಎಂದರೆ ವ್ಯರ್ಥವಾದ ವರ್ಷ ಎಂದು ನಮ್ಮಲ್ಲಿ ಅನೇಕರು ತಿಳಿಯುತ್ತಾರೆ, ನಾನೂ ತಿಳಿದಿದ್ದೆ.

ಸ್ಪೇನಿನ ಕಡೆಯಿಂದ ಬರುವವರು 12ರಿಂದ 16ರ ವಯಸ್ಸಿನವರೆಗಿನ ಕಡ್ಡಾಯ ಪ್ರೌಢ ಶಿಕ್ಷಣದ ಮೂರನೆಯ ಅಥವಾ ನಾಲ್ಕನೆಯ ವರ್ಷದವರು. ಅವರಿಗೆ ಅಂತಹ ಬಿಡುವಿನ ವರ್ಷವಿಲ್ಲ. ತರಗತಿಯ ಪರೀಕ್ಷೆಗಳು ವರ್ಷವಿಡೀ ನಡೆಯುತ್ತಲೇ ಇರುವುದರಿಂದ, ನಿಮ್ಮ ಮನೆಗೆ ಬಂದ ಮಗು ಸಂಜೆ ಗಣಿತದ ಪುಸ್ತಕ ತೆಗೆದು ಕುಳಿತರೆ ಅದಕ್ಕೆ ಬೇಸರವಾಗಿದೆ ಎಂದುಕೊಳ್ಳಬೇಡಿ. ಊರಿಗೆ ಹಿಂದಿರುಗಿದ ವಾರವೇ ಅದಕ್ಕೆ ಪರೀಕ್ಷೆ ಇದ್ದೀತು.

ಹೆಸರುಗಳ ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸ್ಪೇನಿನ ಶಾಲೆಯ ಹೆಸರಿನಲ್ಲಿ ‘ಇನ್‌ಸ್ತಿತೂತೊ’ ಎಂದಿದ್ದರೆ ಅದು ಸಂಶೋಧನಾ ಸಂಸ್ಥೆಯಲ್ಲ, ಸರ್ಕಾರಿ ಪ್ರೌಢಶಾಲೆ. ‘ಕೊಲೆಹಿಯೊ’ ಎಂದಿದ್ದರೆ ಅದು ಕಾಲೇಜಲ್ಲ. ಪ್ರಾಥಮಿಕ ಶಾಲೆಗೂ ಅನೇಕ ಖಾಸಗಿ ಶಾಲೆಗಳಿಗೂ ಅಲ್ಲಿ ಆ ಹೆಸರು.

ಇಷ್ಟೊಂದು ಸ್ಪ್ಯಾನಿಷ್ ಶಾಲೆಗಳು ಐರ್ಲೆಂಡನ್ನೇ ಆರಿಸಿಕೊಳ್ಳಲು ಕಾರಣವೇನು?

ಮೊದಲ ಕಾರಣ ಇಂಗ್ಲಿಷ್. ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಹೋದ ಮೇಲೆ, 2021ರ ಅಕ್ಟೋಬರ್‌ನಿಂದ ಒಕ್ಕೂಟದ ಬಹುತೇಕ ಪ್ರಜೆಗಳು ತಮ್ಮ ರಾಷ್ಟ್ರೀಯ ಗುರುತಿನ ಚೀಟಿ ತೋರಿಸಿ ಅಲ್ಲಿಗೆ ಹೋಗುವಂತಿಲ್ಲ, ಪಾಸ್‌ಪೋರ್ಟ್ ಬೇಕೇ ಬೇಕು. ಐರ್ಲೆಂಡಿಗಾದರೆ ಸ್ಪೇನಿನ ಮಗು ಇಂದಿಗೂ ಗುರುತಿನ ಚೀಟಿಯಲ್ಲೇ ಬರಬಹುದು. ಮೂವತ್ತು ಮಕ್ಕಳ ಗುಂಪನ್ನು ಹೊರಡಿಸುವ ಶಿಕ್ಷಕರಿಗೆ ಇದು ದೊಡ್ಡ ಅನುಕೂಲ.

ಎರಡನೆಯದು, ನಂಟು ಹಳೆಯದು. ತಾಯ್ನಾಡಿನಲ್ಲಿ ಕ್ಯಾಥೊಲಿಕ್ ಶಿಕ್ಷಣಕ್ಕೆ ಅವಕಾಶವಿಲ್ಲದಿದ್ದ ಕಾಲದಲ್ಲಿ ಐರಿಷ್ ತರುಣರು ಓದಲು ಹೋಗುತ್ತಿದ್ದುದು ಸ್ಪೇನಿಗೆ. ಸಲಮಾಂಕಾದಲ್ಲಿ 1592ರಲ್ಲಿ ಸ್ಥಾಪನೆಯಾದ ಐರಿಷ್ ಕಾಲೇಜು 1951ರವರೆಗೂ ನಡೆಯಿತು. 1588ರಲ್ಲಿ ಇಂಗ್ಲೆಂಡಿನ ಮೇಲೆ ದಂಡೆತ್ತಿ ಹೋದ ಸ್ಪೇನಿನ ನೌಕಾಪಡೆ ಸೋತು, ಸುತ್ತು ದಾರಿಯಲ್ಲಿ ಹಿಂದಿರುಗುವಾಗ ಅದರ ಮೂರು ಹಡಗುಗಳು ಸ್ಲೈಗೊ ಕರಾವಳಿಯ ಸ್ಟ್ರೀಡಾ ಎಂಬಲ್ಲಿ ಒಡೆದವು. ಗಾಲ್ವೆಯ ‘ಸ್ಪ್ಯಾನಿಷ್ ಆರ್ಚ್’ 1584ರಲ್ಲಿ ಕೋಟೆಗೋಡೆಯ ಭಾಗವಾಗಿ ಕಟ್ಟಿದ್ದು. ಇಂಗ್ಲಿಷರ ವಿರುದ್ಧ ಕಿನ್ಸೇಲ್ ಯುದ್ಧ ಸೋತು ನೆರವು ಕೇಳಲು ಸ್ಪೇನಿಗೆ ಹೋದ ಐರಿಷ್ ಮುಖಂಡ ರೆಡ್ ಹ್ಯೂ ಓ’ಡಾನೆಲ್ 1602ರಲ್ಲಿ ಸಿಮಾಂಕಾಸ್‌ನಲ್ಲಿ ತೀರಿಕೊಂಡ. ಅವನನ್ನು ವಯ್ಯಾದೊಲಿದ್‌ನಲ್ಲಿ ಹೂಳಲಾಯಿತು. ವಿನಿಮಯದ ಮಕ್ಕಳಿಗೆ ಜಂಟಿ ಯೋಜನೆಯೊಂದನ್ನು ಕೊಡುವ ಶಾಲೆಗಳು ಇಂಥ ವಿಷಯಗಳನ್ನೇ ಆರಿಸುವುದುಂಟು. ನಮ್ಮ ಮಗಳೂ ಅವಳ ಜೊತೆಗಾತಿಯೂ ಸ್ಟ್ರೀಡಾದ ಮರಳ ಮೇಲೆ ನಿಂತು ಒಂದೇ ಹಡಗಿನ ಕಥೆಯನ್ನು ತಮ್ಮತಮ್ಮ ಶಾಲೆಯಲ್ಲಿ ಕಲಿತಂತೆ ಹೇಳಿ ವಾದಿಸಿದ್ದು, ಆ ವಾರದಲ್ಲಿ ನಾನು ಕಂಡ ಅತ್ಯುತ್ತಮ ಪಾಠ.

ಖರ್ಚು ಯಾರದು?

ಆತಿಥೇಯ ಮನೆಗೆ ಯಾರೂ ಹಣ ಕೊಡುವುದಿಲ್ಲ, ನೀವೂ ಕೊಡಬೇಕಿಲ್ಲ. ಒಂದು ಮಗುವಿನ ಊಟ-ವಸತಿಗೆ ಇನ್ನೊಂದು ಮಗುವಿನ ಊಟ-ವಸತಿಯೇ ಸಾಟಿ. ವಿಮಾನದ ಟಿಕೆಟ್, ಪ್ರಯಾಣ ವಿಮೆ, ಗುಂಪಿನ ಬಸ್ಸು, ಕೈಖರ್ಚು ಮಾತ್ರ ಪಾಲಕರವು. ಶಾಲೆಯು ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಪ್ಲಸ್ ಯೋಜನೆಯಲ್ಲಿ ಅನುದಾನ ಪಡೆದಿದ್ದರೆ ಇದರಲ್ಲೂ ಬಹುಭಾಗ ಅಲ್ಲಿಂದ ಬರುತ್ತದೆ. 1987ರಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗಾಗಿ ಶುರುವಾದ ಈ ಯೋಜನೆ ಈಗ ಶಾಲಾಮಕ್ಕಳ ಗುಂಪುಗಳಿಗೂ 2ರಿಂದ 30 ದಿನಗಳ ಭೇಟಿಗೆ ನೆರವು ಕೊಡುತ್ತದೆ. ಪ್ರಯಾಣದ ನೆರವನ್ನು ದೂರದ ಲೆಕ್ಕದಲ್ಲಿ ನಿಗದಿಪಡಿಸುತ್ತಾರೆ. ಡಬ್ಲಿನ್–ಮ್ಯಾಡ್ರಿಡ್ 500ರಿಂದ 1,999 ಕಿಲೋಮೀಟರಿನ ವರ್ಗದಲ್ಲಿ ಬರುತ್ತದೆ. ಅರ್ಜಿ ಹಾಕುವುದು ಶಾಲೆ, ಪಾಲಕರಲ್ಲ. ಐರ್ಲೆಂಡಿನ ಶಾಲೆಗಳಿಗೆ ಈ ಯೋಜನೆಯನ್ನು ನಡೆಸುವ ಸಂಸ್ಥೆ ಲೇರ್ಗಸ್, ಸ್ಪೇನಿನಲ್ಲಿ ಸೆಪಿಯೆ. ನಿಮ್ಮ ಮಗುವಿನ ಶಾಲೆಗೆ ಅನುದಾನವಿದೆಯೇ ಎಂದು ಕೇಳಲು ಸಂಕೋಚ ಬೇಡ. ಖರ್ಚಿನ ಕಾರಣಕ್ಕೆ ಯಾವ ಮಗುವೂ ಹಿಂದುಳಿಯಬಾರದು ಎಂಬುದು ಯೋಜನೆಯ ಘೋಷಿತ ನೀತಿ.

ಜೋಡಿಯನ್ನು ಹೇಗೆ ಆರಿಸುತ್ತಾರೆ?

ಎರಡೂ ಶಾಲೆಗಳ ಮಕ್ಕಳು ಒಂದು ಪ್ರಶ್ನಾವಳಿ ತುಂಬುತ್ತಾರೆ. ಹವ್ಯಾಸ, ಆಟ, ಅಲರ್ಜಿ, ಆಹಾರ, ಮನೆಯಲ್ಲಿ ನಾಯಿ-ಬೆಕ್ಕು, ಒಡಹುಟ್ಟಿದವರು, ಸ್ವಂತ ಕೋಣೆ ಇದೆಯೇ ಎಂಬುದೆಲ್ಲ ಅದರಲ್ಲಿರುತ್ತದೆ. ಶಿಕ್ಷಕರು ಅವನ್ನು ಮೇಜಿನ ಮೇಲೆ ಹರಡಿಕೊಂಡು ಹುಡುಗಿಗೆ ಹುಡುಗಿ, ಹುಡುಗನಿಗೆ ಹುಡುಗ ಎಂದು ಹೊಂದಿಸುವುದು ರೂಢಿ. ಇಲ್ಲಿ ನಮ್ಮವರು ಮಾಡುವ ತಪ್ಪೆಂದರೆ ಮಗುವನ್ನು ಹೆಚ್ಚಿಸಿ ಬರೆಯುವುದು. ನಮ್ಮ ಮಗನ ಅರ್ಜಿಯಲ್ಲಿ ಫುಟ್‌ಬಾಲ್ ಎಂದು ಬರೆದದ್ದು ಅವನ ಅಮ್ಮ; ಅವನಿಗೆ ಇಷ್ಟವಿದ್ದದ್ದು ಚದುರಂಗ. ಪರಿಣಾಮವಾಗಿ ಅವನು ಸ್ಪೇನಿನ ಒಂದು ಮೈದಾನದ ಅಂಚಿನಲ್ಲಿ ಮೂರು ಸಂಜೆ ಬೆಂಚು ಕಾಯ್ದ.

ಜೋಡಿ ಗೊತ್ತಾದ ಮೇಲೆ ಮಕ್ಕಳು ತಾವೇ ಸಂದೇಶ ಕಳಿಸಿಕೊಳ್ಳುತ್ತಾರೆ. ಅಷ್ಟು ಸಾಲದು. ಎರಡೂ ಕಡೆಯ ಅಪ್ಪ-ಅಮ್ಮ ಒಮ್ಮೆಯಾದರೂ ವಿಡಿಯೋ ಕರೆಯಲ್ಲಿ ಮುಖ ನೋಡಿಕೊಳ್ಳಬೇಕು. ಭಾಷೆ ಬಾರದಿದ್ದರೂ ನಡೆಯುತ್ತದೆ, ಮಕ್ಕಳು ನಡುವೆ ಕುಳಿತು ಅನುವಾದಿಸುತ್ತಾರೆ.

ನಮ್ಮ ಮನೆ ಚಿಕ್ಕದು, ಊರಿನಿಂದ ಅಜ್ಜ-ಅಜ್ಜಿಯೂ ಬಂದಿದ್ದಾರೆ. ಇರಿಸಿಕೊಳ್ಳಬಹುದೇ?

ಮನೆ ಎಷ್ಟು ದೊಡ್ಡದೆಂದು ಯಾರೂ ಅಳೆಯುವುದಿಲ್ಲ. ಮಗುವಿಗೆ ಪ್ರತ್ಯೇಕ ಹಾಸಿಗೆ, ಬಟ್ಟೆ ಬದಲಿಸಲು ಮರೆ, ಓದಲು ಒಂದು ಮೂಲೆ ಇದ್ದರೆ ಸಾಕೆಂಬುದು ಸಾಮಾನ್ಯ ನಿರೀಕ್ಷೆ. ಕೋಣೆ ಹಂಚಿಕೊಳ್ಳುವುದಾದರೆ ಅದನ್ನು ಮೊದಲೇ ಬರೆದು ತಿಳಿಸಿ.

ನಿಜವಾದ ವಿಷಯ ಹಿನ್ನೆಲೆ ಪರಿಶೀಲನೆಯದು. ಐರ್ಲೆಂಡಿನ ಬಹಳಷ್ಟು ಶಾಲೆಗಳು ಆತಿಥೇಯ ಮನೆಯಲ್ಲಿ ವಾಸಿಸುವ, 18 ದಾಟಿದ ಪ್ರತಿಯೊಬ್ಬರಿಗೂ ಗಾರ್ಡಾ ವೆಟಿಂಗ್, ಅಂದರೆ ಐರ್ಲೆಂಡಿನ ಪೊಲೀಸರ ಪರಿಶೀಲನೆ, ಆಗಬೇಕೆನ್ನುತ್ತವೆ. ಆ ವಾರ ಅಜ್ಜ-ಅಜ್ಜಿ, ಮಾವ, ಬಾಡಿಗೆಗೆ ಕೋಣೆ ಹಿಡಿದ ಗೆಳೆಯ, ಯಾರೇ ಇರುವವರಿದ್ದರೂ ಶಾಲೆಗೆ ಮುಂಚಿತವಾಗಿ ಹೇಳಬೇಕು. ಭಾರತದ ವಿಳಾಸವಿರುವವರಿಗೆ ಅಲ್ಲಿನ ಪೊಲೀಸ್ ಪ್ರಮಾಣಪತ್ರ ಕೇಳಬಹುದು, ಅದನ್ನು ತರಿಸಲು ವಾರಗಳೇ ಹಿಡಿಯುತ್ತವೆ. ನಮ್ಮ ಹಿರಿಯರ ಮೇಲೆ ಅನುಮಾನವೇ ಎಂದು ನೊಂದುಕೊಳ್ಳುವವರನ್ನು ಕಂಡಿದ್ದೇನೆ. ನಿಮ್ಮ ಮಗು ಉಳಿಯಲಿರುವ ಮನೆಯಲ್ಲೂ ಇಂಥದ್ದೇ ಪರಿಶೀಲನೆ ನಡೆದಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ ಎಂಬುದನ್ನು ನೆನೆದರೆ ಆ ನೋವು ಇರುವುದಿಲ್ಲ. ಸ್ಪೇನಿನಲ್ಲಿ ಮಕ್ಕಳೊಂದಿಗೆ ಕೆಲಸ ಮಾಡುವವರು ಲೈಂಗಿಕ ಅಪರಾಧಿಗಳ ಕೇಂದ್ರ ನೋಂದಣಿಯಲ್ಲಿ ತಮ್ಮ ಹೆಸರಿಲ್ಲವೆಂಬ ಪ್ರಮಾಣಪತ್ರ ಕೊಡಬೇಕೆಂಬ ಕಾನೂನಿದೆ. ಆತಿಥೇಯ ಕುಟುಂಬಗಳಿಂದಲೂ ಅದನ್ನು ಪಡೆದಿದ್ದಾರೆಯೇ ಎಂದು ಶಾಲೆಯನ್ನು ಕೇಳಿ.

ನಮ್ಮ ಮಗುವಿನದು ಭಾರತದ ಪಾಸ್‌ಪೋರ್ಟ್. ವೀಸಾ ಬೇಕೇ?

ಇದಕ್ಕೆ ಎರಡು ಉತ್ತರ. ಮಗುವಿಗೆ ಐರಿಷ್ ಪೌರತ್ವ ಸಿಕ್ಕಿದ್ದರೆ ಪಾಸ್‌ಪೋರ್ಟ್ ಒಂದೇ ಸಾಕು. ಆದರೆ ಮಕ್ಕಳ ಐರಿಷ್ ಪಾಸ್‌ಪೋರ್ಟಿಗೆ ಐದೇ ವರ್ಷದ ಅವಧಿ, ಮುಗಿಯುವ ದಿನಾಂಕವನ್ನು ಇಂದೇ ನೋಡಿಕೊಳ್ಳಿ.

ಭಾರತದ ಪಾಸ್‌ಪೋರ್ಟ್ ಆಗಿದ್ದರೆ, ಐರ್ಲೆಂಡ್ ಒಕ್ಕೂಟದಲ್ಲಿದ್ದರೂ, ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಶೆಂಗೆನ್ ವಲಯದಲ್ಲಿಲ್ಲ, ಸ್ಪೇನ್ ಆ ವಲಯದಲ್ಲಿದೆ ಎಂಬ ತೊಡಕು ಎದುರಾಗುತ್ತದೆ. ಇಂಥ ಮಕ್ಕಳಿಗಾಗಿಯೇ 1994ರಲ್ಲಿ ಒಕ್ಕೂಟ ಒಂದು ವ್ಯವಸ್ಥೆ ಮಾಡಿತು. ಸದಸ್ಯ ದೇಶದಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಬೇರೆ ದೇಶದ ಮಗು, ಶಿಕ್ಷಕರ ಜೊತೆ ಶಾಲೆಯ ಗುಂಪಿನಲ್ಲಿ ಹೋಗುವುದಾದರೆ, ಅಧಿಕಾರಿಗಳು ದೃಢೀಕರಿಸಿದ, ಭಾವಚಿತ್ರಸಹಿತ ಪಟ್ಟಿಯಲ್ಲಿ ಅದರ ಹೆಸರಿದ್ದರೆ ಪ್ರತ್ಯೇಕ ವೀಸಾ ಇಲ್ಲದೆ ಪ್ರಯಾಣಿಸಬಹುದು. ಪಟ್ಟಿಯನ್ನು ಸಿದ್ಧಪಡಿಸಿ ವಲಸೆ ಇಲಾಖೆಗೆ ಕಳಿಸಬೇಕಾದುದು ಶಾಲೆ. ಎಲ್ಲ ಶಾಲೆಗಳಿಗೂ ಈ ವ್ಯವಸ್ಥೆ ಗೊತ್ತಿರುವುದಿಲ್ಲ. ಗುಂಪಿನಲ್ಲಿ ಭಾರತದ ಪಾಸ್‌ಪೋರ್ಟ್ ಇರುವ ಮಗು ಒಂದೇ ಆಗಿದ್ದರಂತೂ ಯಾರಿಗೂ ಹೊಳೆದಿರುವುದಿಲ್ಲ. ಆದ್ದರಿಂದ ಮೊದಲ ಸಭೆಯಲ್ಲೇ ಕೈಯೆತ್ತಿ ಹೇಳಿ. ಹಿಂದಿರುಗುವಾಗ ಐರ್ಲೆಂಡಿನ ಪ್ರವೇಶಕ್ಕೆ ಬೇಕಾಗುವ ದಾಖಲೆಗಳನ್ನು ಶಾಲೆಯನ್ನು ಕೇಳುವ ಬದಲು ನೇರವಾಗಿ ವಲಸೆ ಇಲಾಖೆಯಿಂದಲೇ ತಿಳಿದುಕೊಳ್ಳಿ.

ಬಂದ ಮಕ್ಕಳನ್ನು ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಬಂಡೆಗಳನ್ನು ನೋಡಲು ಕರೆದೊಯ್ಯಬಹುದೇ?

ಡಬ್ಲಿನ್‌ನಿಂದ ಬೆಲ್‌ಫಾಸ್ಟ್ ಕಡೆಗೆ ಹೊರಟರೆ ಗಡಿಯಲ್ಲಿ ಬೇಲಿಯೂ ಇಲ್ಲ, ತಪಾಸಣೆಯ ಕಟ್ಟೆಯೂ ಇಲ್ಲ. ಮೈಲಿಯ ಲೆಕ್ಕದ ಫಲಕಗಳು ಕಂಡಾಗಲೇ ದೇಶ ಬದಲಾದದ್ದು ತಿಳಿಯುವುದು. ಆದರೂ ಅದು ಬ್ರಿಟನ್ನಿನ ನೆಲ. ಸ್ಪೇನಿನ ಮಗುವಿಗೆ ಅಲ್ಲಿ ಪಾಸ್‌ಪೋರ್ಟೂ ಬೇಕು, 2025ರ ಏಪ್ರಿಲ್‌ನಿಂದ ಯುರೋಪಿನವರಿಗೂ ಕಡ್ಡಾಯವಾದ ವಿದ್ಯುನ್ಮಾನ ಪ್ರಯಾಣ ಅನುಮತಿಯೂ ಬೇಕು. ಗುರುತಿನ ಚೀಟಿಯಷ್ಟೇ ಹಿಡಿದು ಬಂದ ಮಗುವನ್ನು ವಾರಾಂತ್ಯದ ಉತ್ಸಾಹದಲ್ಲಿ ಕಾರು ಹತ್ತಿಸಿಕೊಂಡು ಹೋಗಬೇಡಿ. ಭಾರತದ ಪಾಸ್‌ಪೋರ್ಟಿನವರಿಗೆ ಬ್ರಿಟನ್ನಿನ ವೀಸಾ ಬೇಕೆಂಬುದು ನಮ್ಮವರಿಗೆ ಗೊತ್ತಿದ್ದದ್ದೇ. ಬದಲಿಗೆ ಕ್ಲೇರ್‌ನ ಮೊಹೆರ್ ಬಂಡೆಗಳಿವೆ, ವಿಕ್ಲೋದ ಗ್ಲೆಂಡಲೋಖ್ ಇದೆ.

ನಮ್ಮ ಮಗು ಸಸ್ಯಾಹಾರಿ. ಸ್ಪೇನಿನಲ್ಲಿ ಏನು ತಿಂದೀತು?

ತಿನ್ನಲು ಬೇಕಾದಷ್ಟಿದೆ, ಕಷ್ಟವಿರುವುದು ‘ಸಸ್ಯಾಹಾರ’ ಎಂಬ ಮಾತಿನ ಅರ್ಥದಲ್ಲಿ. ಅಲ್ಲಿನ ಅನೇಕ ಮನೆಗಳಲ್ಲಿ, ಹೋಟೆಲುಗಳಲ್ಲಿ ಮಾಂಸವಿಲ್ಲ ಎಂದರೆ ದೊಡ್ಡ ತುಂಡು ಇಲ್ಲ ಎಂದಷ್ಟೇ ತಿಳಿಯುತ್ತಾರೆ. ಹಸಿರು ಸಲಾಡಿನ ಮೇಲೆ ಟ್ಯೂನಾ ಮೀನು, ಬೇಳೆಯ ಸಾರಿನಂತೆ ಕಾಣುವ ‘ಲೆಂತೆಹಾಸ್’ನಲ್ಲಿ ಚೊರೀಸೊ ಎಂಬ ಹಂದಿಮಾಂಸದ ತುಣುಕು ಇರುವುದು ಸಾಮಾನ್ಯ. ಆದ್ದರಿಂದ ‘ವೆಹೆತಾರಿಯಾನೊ’ ಎಂಬ ಒಂದೇ ಪದವನ್ನು ನಂಬದೆ, ‘ನೋ ಕೋಮೊ ಕಾರ್ನೆ, ನಿ ಹಮೋನ್, ನಿ ಪೆಸ್ಕಾದೊ’ ಎಂದು, ಅಂದರೆ ಮಾಂಸ, ಹ್ಯಾಮ್, ಮೀನು ಮೂರನ್ನೂ ತಿನ್ನುವುದಿಲ್ಲ ಎಂದು ಬಿಡಿಸಿ ಹೇಳಲು ಮಗುವಿಗೆ ಕಲಿಸಿ. ಹ್ಯಾಮ್ ಅನ್ನು ಬೇರೆಯಾಗಿ ಹೆಸರಿಸುವುದು ಅತಿಯೆನಿಸಬಹುದು. ಆದರೆ ಅಲ್ಲಿ ಅದು ಮಾಂಸದ ಲೆಕ್ಕಕ್ಕೆ ಬಾರದೆ ಉಪ್ಪಿನಕಾಯಿಯಂತೆ ಎಲ್ಲದರ ಪಕ್ಕದಲ್ಲೂ ಬಂದುಬಿಡುತ್ತದೆ.

ಮೊಟ್ಟೆ ತಿನ್ನುವ ಮಕ್ಕಳಿಗೆ ತೊಂದರೆಯೇ ಇಲ್ಲ. ಆಲೂಗಡ್ಡೆ-ಮೊಟ್ಟೆಯ ದಪ್ಪ ತೊರ್ತಿಯಾ ದಿನಕ್ಕೊಂದು ಸಲ ಸಿಗುತ್ತದೆ. ಮೊಟ್ಟೆಯನ್ನೂ ತಿನ್ನದವರಿಗೆ ಟೊಮೆಟೊ ತಿಕ್ಕಿ ಆಲಿವ್ ಎಣ್ಣೆ ಸುರಿದ ರೊಟ್ಟಿ, ಗಸ್ಪಾಚೊ ಎಂಬ ತಣ್ಣನೆಯ ಟೊಮೆಟೊ ಸಾರು, ಚೀಸ್, ಕಿತ್ತಳೆ ಇವೆ. ದಾಲ್ಚಿನ್ನಿ ಹಾಕಿದ ‘ಅರೋಸ್ ಕೋನ್ ಲೆಚೆ’ ನಮ್ಮ ಅಕ್ಕಿ ಪಾಯಸವೇ. ಹೊತ್ತು ಮಾತ್ರ ಬೇರೆ. ಮಧ್ಯಾಹ್ನದ ಊಟ ಎರಡು-ಮೂರು ಗಂಟೆಗೆ, ರಾತ್ರಿಯದು ಒಂಬತ್ತು-ಹತ್ತಕ್ಕೆ. ಐರಿಷ್ ಮಕ್ಕಳು ಸಂಜೆ ಆರಕ್ಕೇ ಉಣ್ಣುವವರಾದ್ದರಿಂದ ಕಂಗಾಲಾಗುತ್ತಾರೆ. ನಮ್ಮ ಮಕ್ಕಳು ಅಷ್ಟೇನೂ ಅಲ್ಲ, ನಾವೆಲ್ಲ ರಾತ್ರಿ ಎಂಟೂವರೆಗೆ ಉಣ್ಣುವ ಜನ.

ಬಂದ ಮಗುವಿಗೆ ನಾವು ಏನು ಬಡಿಸಬೇಕು? ಐರಿಷ್ ಅಡುಗೆ ಮಾಡಬೇಕೇ?

ಬೇಡ. ಐರ್ಲೆಂಡಿನ ಒಂದು ಮನೆಗೆ ಬಂದ ಮಗು ಆ ಮನೆಯದನ್ನು ಉಣ್ಣಬೇಕು. ನಿಮ್ಮದೂ ಐರ್ಲೆಂಡಿನ ಮನೆಯೇ. ಆದರೆ ನಿಮ್ಮದು ಸಸ್ಯಾಹಾರದ ಮನೆಯಾಗಿದ್ದರೆ ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಯಿರಿ, ಮಗು ಬಂದ ಮೇಲೆ ಹೇಳಬೇಡಿ. ಖಾರದ ವಿಷಯದಲ್ಲಿ ಎಚ್ಚರ. ಸ್ಪ್ಯಾನಿಷ್ ಮಾತಾಡುವವರೆಲ್ಲ ಮೆಕ್ಸಿಕೋದವರಂತೆ ಮೆಣಸಿನಕಾಯಿ ತಿನ್ನುತ್ತಾರೆಂಬುದು ನಮ್ಮ ತಪ್ಪು ಕಲ್ಪನೆ. ಸ್ಪೇನಿನ ಅಡುಗೆಯಲ್ಲಿ ಖಾರ ಬಹಳ ಕಡಿಮೆ.

ನಮ್ಮಲ್ಲಿಗೆ ಬಂದ ಹುಡುಗಿ ಮೊದಲ ರಾತ್ರಿ ಸಾರಿನ ಮೊದಲ ಚಮಚಕ್ಕೇ ಕಣ್ಣು ಒರೆಸಿಕೊಂಡಳು. ನನ್ನ ಹೆಂಡತಿ ಗಾಬರಿಯಿಂದ ಅನ್ನಕ್ಕೆ ಮೊಸರು ಹಾಕಿ ಮುಂದಿಟ್ಟಳು. ಅವರಲ್ಲಿ ಮೊಸರೆಂದರೆ ಊಟದ ಕೊನೆಗೆ ತಿನ್ನುವ ಸಿಹಿ. ಹುಡುಗಿ ಸುತ್ತ ನೋಡಿ, ಮೇಜಿನ ಮೇಲಿದ್ದ ಸಕ್ಕರೆ ಡಬ್ಬಿಯನ್ನು ಎಳೆದುಕೊಂಡು ಎರಡು ಚಮಚ ಸುರಿದು ಕಲಸಿದಳು. ಪಕ್ಕದಲ್ಲಿ ಮಾವಿನ ಮಿಡಿ ಕಚ್ಚುತ್ತಿದ್ದ ನಮ್ಮತ್ತೆ ಕೈಯನ್ನು ಅರ್ಧದಲ್ಲೇ ನಿಲ್ಲಿಸಿ ಅವಳನ್ನೇ ನೋಡಿದರು. ನಾಲ್ಕನೆಯ ದಿನದ ಹೊತ್ತಿಗೆ ಅವಳು ದೋಸೆಯ ಮೇಲೆ ಆಲಿವ್ ಎಣ್ಣೆ ಹಾಕಿಕೊಂಡು ಮೂರು ತಿನ್ನುತ್ತಿದ್ದಳು, ಅತ್ತೆಯವರು ಯಾವ ಮಾತೂ ಆಡದೆ ನಾಲ್ಕನೆಯದನ್ನು ಹುಯ್ಯುತ್ತಿದ್ದರು.

ಮನೆಯಲ್ಲಿ ಮೊದಲ ದಿನವೇ ತೋರಿಸಿಕೊಡಬೇಕಾದದ್ದೇನು?

ಬಿಸಿನೀರು. ಐರ್ಲೆಂಡಿನ ಹಳೆಯ ಮನೆಗಳಲ್ಲಿ ಇಮ್ಮರ್ಷನ್ ಗುಂಡಿಯನ್ನು ಮುಂಚಿತವಾಗಿ ಒತ್ತಿ ಕಾಯಬೇಕು, ವಿದ್ಯುತ್ ಶವರ್‌ಗೆ ಚಾವಣಿಯಿಂದ ತೂಗುವ ದಾರ ಎಳೆಯಬೇಕು, ಕೈ ತೊಳೆಯುವಲ್ಲಿ ಬಿಸಿಗೊಂದು ತಣ್ಣಗೊಂದು ನಲ್ಲಿ. ಇದಾವುದೂ ಸ್ಪೇನಿನ ಮಗುವಿಗೆ ಗೊತ್ತಿರುವುದಿಲ್ಲ, ಕೇಳಲು ನಾಚಿಕೆ. ಹೇಳದೆ ಬಿಟ್ಟರೆ ಎರಡು ದಿನ ತಣ್ಣೀರಲ್ಲೇ ಸ್ನಾನ ಮಾಡುತ್ತದೆ.

ಚಪ್ಪಲಿಯ ವಿಷಯದಲ್ಲಿ ನಮಗೂ ಅವರಿಗೂ ಅಡ್ಡ-ತಿಡ್ಡ. ನಾವು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಬರುತ್ತೇವೆ. ಸ್ಪೇನಿನ ಬಹಳಷ್ಟು ಮನೆಗಳಲ್ಲಿ ಬರಿಗಾಲಲ್ಲಿ ಓಡಾಡುವುದು ಅಸಭ್ಯ, ಶೀತವಾದೀತೆಂಬ ಭಯವೂ ಇದೆ. ಅವರಿಗೆ ಮನೆಯೊಳಗಿನ ಚಪ್ಪಲಿ ಬೇಕು. ಬಂದ ಮಗುವಿಗೆ ಒಂದು ಜೊತೆ ತಂದಿಡಿ, ಹೋಗುವ ಮಗುವಿನ ಪೆಟ್ಟಿಗೆಯಲ್ಲೂ ಒಂದು ಜೊತೆ ಇರಲಿ. ಅಲ್ಲಿನ ಕಿಟಕಿಗಳಿಗೆ ಇಳಿಬಿಡುವ ಪಟ್ಟಿಗಳ ಮರೆಯಿದ್ದು ಕೋಣೆ ಕಗ್ಗತ್ತಲಾಗುತ್ತದೆ. ಇಲ್ಲಿನ ತೆಳು ಪರದೆಯ ಬೆಳಕಿಗೆ, ಅದರಲ್ಲೂ ಬೇಸಿಗೆಯಲ್ಲಿ, ಆ ಮಕ್ಕಳಿಗೆ ನಿದ್ದೆ ಹತ್ತುವುದು ಕಷ್ಟ. ಚಾರ್ಜರಿಗೆ ಅಡಾಪ್ಟರ್ ಬೇಕು. ಇಲ್ಲಿ ಮೂರು ಚೌಕ ಕಡ್ಡಿಯ ಪ್ಲಗ್, ಅಲ್ಲಿ ಎರಡು ದುಂಡು ಕಡ್ಡಿಯದು.

ರಸ್ತೆ ದಾಟುವುದನ್ನು ಜೊತೆಗೆ ನಡೆದೇ ತೋರಿಸಿ. ಬಲಬದಿಯ ಸಂಚಾರಕ್ಕೆ ಒಗ್ಗಿದ ಮಗು ಇಲ್ಲಿ ತಪ್ಪು ದಿಕ್ಕಿಗೆ ನೋಡಿ ಕಾಲಿಡುತ್ತದೆ. ನಮ್ಮ ಮಕ್ಕಳಿಗೆ ಅಲ್ಲಿ ಇದೇ ಅಪಾಯ.

ಮಗುವಿಗೆ ಸ್ಪ್ಯಾನಿಷ್ ಅಷ್ಟಾಗಿ ಬರುವುದಿಲ್ಲ. ಕಳಿಸಿ ಪ್ರಯೋಜನವಿದೆಯೇ?

ವ್ಯಾಕರಣ ಒಂದು ವಾರದಲ್ಲಿ ಬರುವುದಿಲ್ಲ, ಬಾಯಿಯ ಬಿಗಿ ಸಡಿಲವಾಗುತ್ತದೆ. ಲೀವಿಂಗ್ ಸರ್ಟಿಫಿಕೇಟ್‌ನ ಉನ್ನತ ಹಂತದ ಸ್ಪ್ಯಾನಿಷ್‌ನಲ್ಲಿ ಮೌಖಿಕ ಪರೀಕ್ಷೆಗೇ ಶೇ 25 ಅಂಕ ಎಂಬುದನ್ನು ನೋಡಿದರೆ ಅದು ಸಣ್ಣ ಲಾಭವಲ್ಲ.

ಕನ್ನಡ ಮಾತಾಡುವ ಮಗುವಿಗೆ ಇಲ್ಲಿ ಒಂದೆರಡು ಅನುಕೂಲಗಳಿವೆ, ಶಾಲೆಯಲ್ಲಿ ಯಾರೂ ಹೇಳಿಕೊಡದಂಥವು. ಸ್ಪ್ಯಾನಿಷ್‌ನ ತ, ದ ಧ್ವನಿಗಳು ಇಂಗ್ಲಿಷಿನವಲ್ಲ, ನಾಲಿಗೆ ಹಲ್ಲಿಗೆ ತಾಗಿ ಬರುವ ನಮ್ಮ ತ, ದಗಳೇ. ಸ್ವರಗಳು ಅ, ಎ, ಇ, ಒ, ಉ ಎಂದು ಐದೇ, ತಿರುಚಿಲ್ಲದ ನೇರ ಸ್ವರಗಳು. ‘ಪೆರೊ’ ಎಂದರೆ ಆದರೆ, ‘ಪೆರ್ರೊ’ ಎಂದರೆ ನಾಯಿ. ಇಂಗ್ಲಿಷ್ ನಾಲಿಗೆಗೆ ಕಷ್ಟವಾದ ಈ ಒತ್ತಕ್ಷರ ನಮ್ಮ ಮಕ್ಕಳಿಗೆ ಸಲೀಸು. ಕ್ರಿಯಾಪದದ ಕೊನೆಯೇ ಕರ್ತೃವನ್ನು ಹೇಳಿಬಿಡುತ್ತದೆ: ‘ಮಾತಾಡುತ್ತೇನೆ’ ಎಂದಾಗ ‘ನಾನು’ ಬೇಡವಾಗುವಂತೆ ‘ಆಬ್ಲೊ’ ಎಂದರೆ ಸಾಕು, ‘ಮಾತಾಡುತ್ತೇವೆ’ಗೆ ‘ಆಬ್ಲಾಮೊಸ್’. ಮನೆಯಲ್ಲಿ ಕನ್ನಡ ಬಿಡಿಸಿ ಇಂಗ್ಲಿಷ್ ಮಾತ್ರ ಆಡಿಸಿದವರು ಈ ಅನುಕೂಲವನ್ನು ಕೈಯಾರೆ ಕಳೆದುಕೊಂಡಿದ್ದಾರೆ ಎಂದು ನನ್ನ ಅನಿಸಿಕೆ.

ಒಂದು ಕಡೆ ಮಾತ್ರ ಕನ್ನಡ ದಾರಿ ತಪ್ಪಿಸುತ್ತದೆ. ‘ತೂ’ ನಮ್ಮ ನೀನು, ‘ಉಸ್ತೆದ್’ ನಮ್ಮ ನೀವು. ಆದರೆ ಸ್ಪೇನಿನಲ್ಲಿ ಇಂದು ಶಿಕ್ಷಕರಿಗೂ, ಗೆಳತಿಯ ಅಪ್ಪ-ಅಮ್ಮನಿಗೂ ‘ತೂ’ ಎನ್ನುವುದೇ ವಾಡಿಕೆ. ನಮ್ಮ ಮಗಳು ಆ ಮನೆಯ ತಾಯಿಗೆ ಎರಡು ದಿನ ‘ಉಸ್ತೆದ್’ ಎಂದಳಂತೆ. ಮೂರನೆಯ ದಿನ ಆಕೆ, ನನಗೆ ಅಷ್ಟೊಂದು ವಯಸ್ಸಾಗಿದೆಯೇ ಎಂದು ಕೇಳಿದರಂತೆ. ಹಾಗೆಯೇ, ಅಲ್ಲಿ ಎಲ್ಲರೂ ಸ್ಪ್ಯಾನಿಷನ್ನೇ ಆಡುತ್ತಾರೆಂದೂ ತಿಳಿಯಬೇಡಿ. ಶಾಲೆ ಬಾರ್ಸಿಲೋನಾದ್ದಾದರೆ ಮನೆಮಾತು ಕ್ಯಾಟಲಾನ್ ಇದ್ದೀತು, ಬಿಲ್ಬಾವೊದ್ದಾದರೆ ಬಾಸ್ಕ್, ಗಲೀಸಿಯಾದಲ್ಲಿ ಗಲೀಸಿಯನ್.

ಬರುವ ಮಕ್ಕಳಿಗೂ ಇಂಥ ಆಘಾತ ಉಂಟು. ಪಠ್ಯದ ಇಂಗ್ಲಿಷ್ ಕಲಿತು ಬಂದವರಿಗೆ ಇಲ್ಲಿ ಎಲ್ಲದಕ್ಕೂ ‘ಗ್ರ್ಯಾಂಡ್’, ಮೋಜಿಗೆ ‘ಕ್ರ್ಯಾಕ್’, ಬೀರುವಿಗೆ ‘ಪ್ರೆಸ್’. ನಮ್ಮ ಮನೆಯ ಇಂಗ್ಲಿಷೇ ತನಗೆ ಸುಲಭವಾಗಿ ಅರ್ಥವಾಗುವುದು ಎಂದು ಆ ಹುಡುಗಿ ಹೇಳಿದಾಗ ನನಗೆ ಒಳಗೊಳಗೇ ಹಿಗ್ಗು.

ಅಲ್ಲಿ ಮಕ್ಕಳು ರಾತ್ರಿ ಹೊತ್ತು ಹೊರಗೆ ತಿರುಗುತ್ತಾರಂತೆ?

ನಿಜ. ಸ್ಪೇನಿನ ಊರುಗಳಲ್ಲಿ ಚೌಕವೇ ಎಲ್ಲರ ಜಗಲಿ. ರಾತ್ರಿ ಹತ್ತಕ್ಕೆ ಅಲ್ಲಿ ಅಜ್ಜಿಯರೂ, ಚೆಂಡಾಡುವ ಚಿಕ್ಕ ಮಕ್ಕಳೂ, ಹರಟುವ ಹದಿಹರೆಯದವರೂ ಇರುತ್ತಾರೆ, ಅದರಲ್ಲಿ ಅಪಾಯದ್ದೇನೂ ಇಲ್ಲ. ಆದರೂ ಎಷ್ಟು ಹೊತ್ತಿಗೆ ಮನೆ ಸೇರಬೇಕೆಂದು ಶಾಲೆ ಬರಹದಲ್ಲಿ ನಿಗದಿಪಡಿಸಿರಬೇಕು, ಆ ಪತ್ರಕ್ಕೆ ಮಗುವೂ ನೀವೂ ಸಹಿ ಹಾಕಿರುತ್ತೀರಿ. ಮದ್ಯ ಮಾರಾಟದ ವಯಸ್ಸು ಎರಡೂ ದೇಶಗಳಲ್ಲಿ 18. ಸ್ಪೇನಿನಲ್ಲಿ 15ಕ್ಕೇ ಚಿಕ್ಕ ಮೊಪೆಡ್ ಓಡಿಸುವ ಪರವಾನಗಿ ಸಿಗುತ್ತದೆ. ಯಾರ ಬೈಕಿನ ಹಿಂದೆಯೂ ಕೂರಕೂಡದೆಂದು ಮಗುವಿಗೆ ಬಿಡಿಸಿ ಹೇಳಿ. ಬರುವ ಮಗು ನಿಮ್ಮ ಊರಲ್ಲಿ ಸಂಜೆ ಏಳಕ್ಕೇ ಬೀದಿ ಖಾಲಿಯಾದದ್ದನ್ನು ಕಂಡು, ಎಲ್ಲರೂ ಎಲ್ಲಿಗೆ ಹೋದರು ಎಂದು ಕೇಳಿದರೆ ಉತ್ತರ ಸಿದ್ಧವಿರಲಿ.

ಜ್ವರ ಬಂದರೆ, ಬಿದ್ದು ಪೆಟ್ಟಾದರೆ?

ಯುರೋಪಿಯನ್ ಆರೋಗ್ಯ ವಿಮಾ ಕಾರ್ಡ್ ಮಗುವಿನ ಹೆಸರಿನಲ್ಲೇ ಇರಬೇಕು, ಅಪ್ಪನದು ನಡೆಯುವುದಿಲ್ಲ. ಐರ್ಲೆಂಡಿನ ನಿವಾಸಿಗಳಿಗೆ ಅದು ಉಚಿತ, ಅದರಿಂದ ಸ್ಪೇನಿನ ಸರ್ಕಾರಿ ಆಸ್ಪತ್ರೆಯಲ್ಲಿ ಅಲ್ಲಿನವರಿಗೆ ಸಿಗುವ ಚಿಕಿತ್ಸೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೂ, ಮಗುವನ್ನು ಊರಿಗೆ ಕರೆತರುವ ಖರ್ಚಿಗೂ ಅದು ಅನ್ವಯಿಸದು, ಅದಕ್ಕೇ ಪ್ರಯಾಣ ವಿಮೆ. ತುರ್ತು ಸಂಖ್ಯೆ ಎರಡೂ ಕಡೆ 112. ದಿನನಿತ್ಯದ ಔಷಧವಿದ್ದರೆ ವೈದ್ಯರ ಚೀಟಿಯ ಸಮೇತ ಶಿಕ್ಷಕರ ಕೈಗೆ ಕೊಡಿ. ಅಮ್ಮ ಕಟ್ಟಿಕೊಟ್ಟ ಕಷಾಯದ ಪುಡಿಯ ಪೊಟ್ಟಣದ ಮೇಲೆ ಏನೆಂದು ಬರೆದಿರಲಿ.

ದಿನಕ್ಕೆ ಎಷ್ಟು ಸಲ ಫೋನ್ ಮಾಡಬಹುದು?

2017ರ ಜೂನ್‌ನಿಂದ ಒಕ್ಕೂಟದೊಳಗೆ ರೋಮಿಂಗ್‌ಗೆ ಹೆಚ್ಚುವರಿ ದರವಿಲ್ಲ, ಹಾಗಾಗಿ ಎಷ್ಟು ಸಲ ಬೇಕಾದರೂ ಮಾಡಬಹುದು. ಒಂದು ಸಲ ಸಾಕು, ಅದೂ ಮಗುವೇ ಮಾಡಲಿ. ಬೆಂಗಳೂರಿನ ಅಜ್ಜಿಯೂ ಸೇರಿ ಗುಂಪು ಕರೆ ಮಾಡಿದರೆ ಆ ಮನೆಯವರ ಊಟದ ಹೊತ್ತು ಹಾಳು.

ಜೋಡಿ ಹೊಂದಿಕೊಳ್ಳದಿದ್ದರೆ?

ಮೊದಲ ಎರಡು ದಿನಗಳ ಅಳುವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂರನೆಯ ದಿನವೂ ಮಗು ಉಣ್ಣುತ್ತಿಲ್ಲವೆಂದರೆ, ಅಥವಾ ಯಾವುದೇ ದಿನ ಭಯವಾಗುತ್ತಿದೆ ಎಂದರೆ, ಆತಿಥೇಯರಿಗಲ್ಲ, ಜೊತೆಗೆ ಹೋದ ಶಿಕ್ಷಕರಿಗೆ ಫೋನ್ ಮಾಡಿ. ಮನೆ ಬದಲಿಸುವ ಏರ್ಪಾಡು ಅವರ ಕೈಯಲ್ಲಿರುತ್ತದೆ. ನಮಗೆ ಪರಿಚಯದ ಒಂದು ಮನೆಗೆ ಬಂದ ಹುಡುಗ ಇಡೀ ವಾರ ಕೋಣೆ ಬಿಟ್ಟು ಹೊರಬರಲಿಲ್ಲ. ಅವರು ಮರ್ಯಾದೆಗೆ ಅಂಜಿ ಶಾಲೆಗೆ ಹೇಳಲಿಲ್ಲ. ಊರಿನಲ್ಲಿ ಅವನ ಅಜ್ಜ ಆಸ್ಪತ್ರೆಯಲ್ಲಿದ್ದುದು ವಾರ ಮುಗಿದ ಮೇಲೆ ತಿಳಿಯಿತು. ಒಂದು ಕರೆ ಮಾಡಿದ್ದರೆ ಆ ಹುಡುಗನ ಶಿಕ್ಷಕಿ ಅರ್ಧ ಗಂಟೆಯಲ್ಲಿ ಬಂದು ಅವನ ಪಕ್ಕ ಕೂರುತ್ತಿದ್ದರು.

ಉಡುಗೊರೆ ಏನು ಕೊಡಬೇಕು?

ಭಾರಿಯದು ಬೇಡ, ಅವರೂ ಅಷ್ಟೇ ತೂಕದ್ದನ್ನು ತರಬೇಕೆಂಬ ಮುಜುಗರವಾಗುತ್ತದೆ. ಐರಿಷ್ ಚಹಾ ಮತ್ತು ಮನೆಯಲ್ಲಿ ಮಾಡಿದ ಕೊಬ್ಬರಿ ಮಿಠಾಯಿ ಕಳಿಸಿದೆವು. ಸ್ಪೇನಿನವರು ಸಾಮಾನ್ಯವಾಗಿ ಬಾದಾಮಿಯ ತುರ್ರೋನ್ ಮಿಠಾಯಿ, ಆಲಿವ್ ಎಣ್ಣೆ ಅಥವಾ ತಮ್ಮ ಸೀಮೆಯ ಹ್ಯಾಮ್ ತರುತ್ತಾರೆ. ಎರಡನೆಯ ಸಲ ನಮ್ಮಲ್ಲಿಗೆ ಬಂದ ಹುಡುಗನ ತಾಯಿ, ನಾವು ಸಸ್ಯಾಹಾರಿಗಳೆಂದು ತಿಳಿದೂ, ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಮುಚ್ಚಿದ ಹ್ಯಾಮ್ ಪೊಟ್ಟಣ ಕಳಿಸಿದ್ದರು, ಜೊತೆಗೊಂದು ಚೀಟಿ: ಇದು ನಿಮಗಲ್ಲ, ನಿಮ್ಮ ನೆರೆಯವರಿಗೆ. ಪಕ್ಕದ ಮನೆಯ ಐರಿಷ್ ಅಜ್ಜನಿಗೆ ಕೊಟ್ಟೆವು. ಅವರು ಮುಂದಿನ ವಿನಿಮಯ ಯಾವಾಗ ಎಂದು ಈಗಲೂ ಕೇಳುತ್ತಿರುತ್ತಾರೆ.

ಒಂದು ವಾರ ಸಾಲದೆನಿಸಿದರೆ?

ಎರಾಸ್ಮಸ್ ಪ್ಲಸ್‌ನಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯನ್ನು 30 ದಿನಗಳಿಂದ ಒಂದು ವರ್ಷದವರೆಗೆ ಜೊತೆಶಾಲೆಗೆ ಕಳಿಸುವ ಅವಕಾಶವೂ ಇದೆ. ಅಲ್ಲಿ ಯಾವ ವಿಷಯಗಳನ್ನು ಓದಬೇಕು, ಹಿಂದಿರುಗಿದಾಗ ಅದನ್ನು ಹೇಗೆ ಮಾನ್ಯ ಮಾಡಬೇಕು ಎಂಬ ಒಪ್ಪಂದವನ್ನು ಎರಡು ಶಾಲೆಗಳೂ ಪಾಲಕರೂ ಹೊರಡುವ ಮೊದಲೇ ಸಹಿ ಮಾಡುತ್ತಾರೆ. ಒಂದು ವಾರದ ವಿನಿಮಯದಲ್ಲಿ ಹೊಂದಿಕೊಂಡ ಮಗುವನ್ನೇ ಇದಕ್ಕೆ ಕಳಿಸುವುದು ಮೇಲು, ಸಾಧ್ಯವಾದರೆ ಅದೇ ಮನೆಗೆ. ನಮ್ಮ ಮಗಳು ಕಳೆದ ವರ್ಷ ಕೇಳಿದಳು. ಲೀವಿಂಗ್ ಸರ್ಟಿಫಿಕೇಟ್ ಹತ್ತಿರವಾಯಿತೆಂದು ನಾನು ಒಪ್ಪಲಿಲ್ಲ. ಆ ಮನೆಯ ಹುಡುಗಿಯೇ ಜುಲೈನಲ್ಲಿ ಮೂರು ವಾರಕ್ಕೆ ನಮ್ಮಲ್ಲಿಗೆ ಬಂದಳು, ಯಾವ ಶಾಲೆಯ ಪತ್ರವೂ ಇಲ್ಲದೆ, ತನ್ನ ಚಪ್ಪಲಿಯನ್ನು ತಾನೇ ಬಾಗಿಲಲ್ಲಿ ಬಿಟ್ಟು.